ಬಸ್ಕಿಯ ಆಳ: ಅಳತೆಯ ಕಥೆ

ಹೆಗಲ ಮೇಲೆ ಭಾರ ಹೊತ್ತು ಬಸ್ಕಿ ಹೊಡೆಯುವ ವ್ಯಾಯಾಮಕ್ಕೆ ಸ್ಕ್ವಾಟ್ ಎಂದು ಹೆಸರು. ಎಷ್ಟು ಆಳಕ್ಕೆ ಕೂರಬೇಕೆಂಬುದು ಹಳೆಯ ವಿವಾದ. 1961ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಕಾರ್ಲ್ ಕ್ಲೈನ್, ಪೂರ್ತಿ ಕೂರುವುದರಿಂದ ಮಂಡಿಯ ಅಸ್ಥಿರಜ್ಜುಗಳು ಸಡಿಲವಾಗುತ್ತವೆ ಎಂದು ವರದಿ ಮಾಡಿದರು. ಅನೇಕ ತರಬೇತುದಾರರು ಆಳದ ಬಸ್ಕಿಯನ್ನೇ ಕೈಬಿಟ್ಟರು. ಆರೋಗ್ಯವಂತ ಮಂಡಿಯ ಮಟ್ಟಿಗೆ ಈ ಭಯವನ್ನು ನಂತರದ ಅಧ್ಯಯನಗಳು ಸಮರ್ಥಿಸಲಿಲ್ಲ.

ಹಾಗಾದರೆ ಆಳದಿಂದ ಲಾಭವೇನು? ಸ್ನಾಯು ಸಂಕುಚಿಸುವಾಗ ಚರ್ಮದ ಮೇಲೆ ಅತ್ಯಲ್ಪ ವಿದ್ಯುದ್ವಿಭವ ಉಂಟಾಗುತ್ತದೆ. ಅದನ್ನು ದಾಖಲಿಸುವ ವಿಧಾನವೇ ಎಲೆಕ್ಟ್ರೊಮಯೋಗ್ರಫಿ. 2002ರಲ್ಲಿ ಕ್ಯಾಟೆರಿಸಾನೊ ಮತ್ತು ಸಂಗಡಿಗರು 10 ಮಂದಿ ಅನುಭವಿಗಳ ನಾಲ್ಕು ಸ್ನಾಯುಗಳನ್ನು ಹೀಗೆ ಪರೀಕ್ಷಿಸಿದರು. ಮೇಲೇಳುವಾಗ ಒಟ್ಟು ಸಂಕೇತದಲ್ಲಿ ಪೃಷ್ಠದ ದೊಡ್ಡ ಸ್ನಾಯುವಿನ ಪಾಲು ಅರೆ ಬಸ್ಕಿಯಲ್ಲಿ ಶೇ. 16.9, ತೊಡೆ ನೆಲಕ್ಕೆ ಸಮಾಂತರವಾದಾಗ ಶೇ. 28, ಪೂರ್ಣ ಬಸ್ಕಿಯಲ್ಲಿ ಶೇ. 35.4 ಇತ್ತು. ತೊಡೆಯ ಸ್ನಾಯುಗಳ ಪಾಲಿನಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ.

ಆದರೆ ಮೂರು ಆಳಗಳಿಗೂ ಭಾರ ಒಂದೇ ಆಗಿತ್ತು. ಅರೆ ಬಸ್ಕಿಯಲ್ಲಿ ಸೊಂಟದ ಕೀಲಿನಿಂದ ಭಾರದ ಕ್ರಿಯಾರೇಖೆಗಿರುವ ಲಂಬದೂರ ಕಡಿಮೆ. ಆದ್ದರಿಂದ ಬಲದ ಭ್ರಾಮಕವೂ ಕಡಿಮೆ. ಅದೇ ಭಾರ ಅಲ್ಲಿ ಹಗುರವೆನಿಸುತ್ತದೆ. 2016ರಲ್ಲಿ ಕಾಂಟ್ರೆರಾಸ್ ತಂಡ ಆಯಾ ಆಳಕ್ಕೆ ತಕ್ಕ ಭಾರ ಕೊಟ್ಟಾಗ, ಸಮಾಂತರ ಮತ್ತು ಪೂರ್ಣ ಬಸ್ಕಿಗಳ ನಡುವೆ ಪೃಷ್ಠಸ್ನಾಯುವಿನ ಸಂಕೇತದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ವಿಭವವೇ ಬೆಳವಣಿಗೆಯಲ್ಲ. 2019ರಲ್ಲಿ ಜಪಾನಿನ ಕುಬೊ ತಂಡ 10 ವಾರಗಳ ತರಬೇತಿಯ ನಂತರ ಸ್ನಾಯುಗಳ ಗಾತ್ರವನ್ನೇ ಅಳೆಯಿತು. ತೊಡೆಯ ಮುಂಭಾಗದ ಸ್ನಾಯುಗಳು ಎರಡೂ ಗುಂಪುಗಳಲ್ಲಿ ಸುಮಾರು ಸಮನಾಗಿ ಬೆಳೆದಿದ್ದವು. ಪೃಷ್ಠಸ್ನಾಯು ಮಾತ್ರ ಪೂರ್ಣ ಬಸ್ಕಿಯವರಲ್ಲಿ ಶೇ. 6.7, ಅರೆ ಬಸ್ಕಿಯವರಲ್ಲಿ ಶೇ. 2.2 ಹೆಚ್ಚಿತ್ತು.

ಯಾವುದನ್ನು ಅಳೆದರು, ಯಾವುದನ್ನು ಸ್ಥಿರವಾಗಿಟ್ಟರು? ಅಂಕಿಗಳನ್ನು ನಂಬುವ ಮುನ್ನ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆಗಳು ಇವೇ.