ಸುಂಕದ ಕಟ್ಟೆ ಯಾರದು?

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಹೊತ್ತ ಸರಕಿನ ಭಾರ, ನಡೆದ ದಾರಿಯ ದಣಿವು, ಮನೆಯ ಕಷ್ಟ ಇವು ಯಾವುವೂ ಕಟ್ಟೆಯ ಮೇಲೆ ಕುಳಿತವನ ಕಿವಿಗೆ ಬೀಳುವುದಿಲ್ಲ. ಆದರೆ ಗಾದೆ ಹೇಳದೆ ಬಿಟ್ಟ ಒಂದು ಪ್ರಶ್ನೆಯಿದೆ. ಆ ಸುಂಕದವನು ಯಾರ ಕಡೆಯವನು? ಅವನ ಗಂಟು ಕೊನೆಗೆ ಯಾರ ಬೊಕ್ಕಸಕ್ಕೆ ಸೇರುತ್ತದೆ? ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣ, ಹುಣಸೂರು ಕಡೆಯ ಗಂಧದ ಮರದ ಕಥೆಯನ್ನು ಹಿಡಿದು ಹೊರಟರೆ ಈ ಪ್ರಶ್ನೆ ಅರಬ್ಬರ ಮಸ್ಕತ್ತಿನವರೆಗೂ ಕರೆದೊಯ್ಯುತ್ತದೆ.

ಬೆಟ್ಟದ ನೆಲ್ಲಿಕಾಯಿಗೂ ಸಮುದ್ರದ ಉಪ್ಪಿಗೂ ನಂಟು ಬೆಳೆದಂತೆ, ಮೈಸೂರು ಸೀಮೆಯ ಕಾಡಂಚಿನ ಗಂಧಕ್ಕೂ ಅರಬ್ಬೀ ಸಮುದ್ರದ ಆಚೆ ದಡಕ್ಕೂ ನಂಟು ಹಳೆಯದು. ಗಂಧ, ಮೆಣಸು, ಏಲಕ್ಕಿ ಘಟ್ಟ ಇಳಿದು ಮಂಗಳೂರು, ಕಣ್ಣಾನೂರು, ತಲಚೇರಿಗಳಲ್ಲಿ ಹಡಗು ಏರುತ್ತಿದ್ದವು. ಕರಾವಳಿಯ ಅಕ್ಕಿ ಮಸ್ಕತ್ತಿನ ಊಟದ ತಟ್ಟೆ ಸೇರುತ್ತಿತ್ತು. ಅತ್ತಲಿಂದ ಕುದುರೆ, ಖರ್ಜೂರ, ಗಂಧಕ ಬರುತ್ತಿದ್ದವು. ಹೀಗೆ ಸಾಗುವ ಸರಕಿಗೆ ಎದುರಾಗುತ್ತಿದ್ದುದು ಒಂದು ಕಟ್ಟೆಯಲ್ಲ. ಘಟ್ಟದ ದಾರಿಯಲ್ಲಿ ಒಂದು, ಬಂದರಿನಲ್ಲಿ ಮತ್ತೊಂದು, ಸಮುದ್ರ ದಾಟಿದ ಮೇಲೆ ಅರಬ್ಬರ ಬಂದರಿನಲ್ಲಿ ಮಗದೊಂದು. ಎರಡು ಶತಮಾನಗಳ ಕಾಲ ಈ ಸಮುದ್ರದಲ್ಲಿ ನಡೆದ ಎಷ್ಟೋ ಕಾದಾಟಗಳ ಬೇರು ಈ ಕಟ್ಟೆಗಳಲ್ಲೇ ಇದೆ.

ಮಂಗಳೂರು ಸುಟ್ಟ ಕಥೆ

ಮೊದಲು ಈ ಕಡಲಿನಲ್ಲಿ ‘ಕಟ್ಟೆ’ ಹಾಕಿದವರು ಪೋರ್ಚುಗೀಸರು. ಸಮುದ್ರಕ್ಕೆ ಕಟ್ಟೆ ಹಾಕುವುದು ಹೇಗೆ? ಅವರು ಕಂಡುಕೊಂಡ ಉಪಾಯ ಕಾರ್ತಾಜ್ ಎಂಬ ರಹದಾರಿ ಚೀಟಿ. ಈ ಚೀಟಿ ಪಡೆಯದ, ಅವರ ಸುಂಕದ ಮನೆಗೆ ಹೋಗಿ ತೆರದ ಹಡಗನ್ನು ಹಿಡಿಯುವುದು ತಮ್ಮ ಹಕ್ಕೆಂದು ಅವರು ಸಾಧಿಸಿದರು. 1507ರಲ್ಲಿ ಮಸ್ಕತ್ತನ್ನು ಕೂಡ ಕೈವಶ ಮಾಡಿಕೊಂಡರು. 1650ರಲ್ಲಿ ಓಮಾನಿನ ಇಮಾಮ್ ಸುಲ್ತಾನ್ ಬಿನ್ ಸೈಫ್ ಅವರನ್ನು ಅಲ್ಲಿಂದ ಹೊರದೂಡಿದ ಮೇಲೆ ಅರಬ್ಬರ ಹಡಗುಪಡೆ ಬಲಗೊಂಡಿತು. ಕೆನರಾ ಕರಾವಳಿ ಇಬ್ಬರ ಪೈಪೋಟಿಯ ಕಣವಾಯಿತು.

ಆಗ ಆ ಕರಾವಳಿಯನ್ನು ಆಳುತ್ತಿದ್ದವರು ಕೆಳದಿಯ ನಾಯಕರು. ಅವರಿಗೆ ಅರಬ್ಬರೂ ಬೇಕು, ಪೋರ್ಚುಗೀಸರೂ ಬೇಕು. ಇಬ್ಬರೂ ಅಕ್ಕಿ ಕೊಳ್ಳುವವರೇ, ಇಬ್ಬರೂ ಸುಂಕ ತೆರುವವರೇ. ಅರಬ್ಬರನ್ನು ಬಂದರುಗಳಿಂದ ದೂರವಿಡಬೇಕೆಂದು ಪೋರ್ಚುಗೀಸರು ಒತ್ತಾಯಿಸುತ್ತಲೇ ಬಂದರು. ತಮ್ಮ ವ್ಯಾಪಾರಕ್ಕೆ ಒದಗಿದ ಈ ಅಡ್ಡಿಗೆ ಪ್ರತೀಕಾರವಾಗಿ ಅರಬ್ಬರು 1695ರಲ್ಲಿ ಮಂಗಳೂರಿಗೆ ಬೆಂಕಿಯಿಟ್ಟರು. ಜಗಳವಾಡಿದವರು ಲಿಸ್ಬನ್ನಿನವರು ಮತ್ತು ಮಸ್ಕತ್ತಿನವರು. ಸುಟ್ಟುಹೋದದ್ದು ಕನ್ನಡ ನಾಡಿನ ಬಂದರು.

ಮೈಸೂರಿಗೆ ಕಡಲು ಸಿಕ್ಕಿತು

ಒಡೆಯರ ಮೈಸೂರು ಆ ವೇಳೆಗೆ ಪೂರ್ತಿ ಒಳನಾಡಿನ ರಾಜ್ಯ. 1644ರಲ್ಲಿ ಕಂಠೀರವ ನರಸರಾಜ ಒಡೆಯರು ಪಿರಿಯಾಪಟ್ಟಣವನ್ನು ಗೆದ್ದು ಕೊಡಗಿನ ಅಂಚಿನವರೆಗೆ ಬಂದಿದ್ದರೂ ಕಡಲು ಇನ್ನೂ ದೂರವಿತ್ತು. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಹಿಡಿದಾಗ ಮಂಗಳೂರು ಅವನ ವಶವಾಯಿತು. ಮೊದಲ ಬಾರಿಗೆ ಕಾಡೂ ಘಟ್ಟವೂ ಬಂದರೂ ಒಂದೇ ಕೈಗೆ ಬಂದವು.

ಇದರ ಅರ್ಥವನ್ನು ಚೆನ್ನಾಗಿ ಗ್ರಹಿಸಿದವನು ಟಿಪ್ಪು ಸುಲ್ತಾನ್. ಮಲಬಾರಿನ ಮೆಣಸು, ಗಂಧ, ಏಲಕ್ಕಿ ಇಂಗ್ಲಿಷರ ಕೋಠಿಗಳಿಗೆ ಹೋಗಕೂಡದೆಂದು ಅವನು ನಿಷೇಧ ಹಾಕಿದ. ತಲಚೇರಿಯ ಕಂಪನಿ ವರ್ತಕರು ಸರಕಿಲ್ಲದೆ ಚಡಪಡಿಸಿದರು. ನಡುವಣ ದಲ್ಲಾಳಿಯನ್ನು ಬಿಟ್ಟು ನೇರವಾಗಿ ಕೊಳ್ಳುವವನ ಬಾಗಿಲಿಗೇ ಹೋಗಬೇಕೆಂಬುದು ಅವನ ಲೆಕ್ಕ. ಅದಕ್ಕಾಗಿ ಮಸ್ಕತ್ತಿನಲ್ಲಿ ಮೈಸೂರಿನ ಕೋಠಿ ತೆರೆಯಿತು. ಅದರ ದರೋಗ ಮೀರ್ ಕಾಜಿಂ. ಅಲ್ಲಿ ನೆಲೆಸಿದ್ದ ಭಾಟಿಯಾ ಸಾಹುಕಾರ ಮಾವಜಿ ಸೇಠ್ ದಲ್ಲಾಳಿಯಾಗಿ ನೆರವಾದ. ಮೀರ್ ಕಾಜಿಂಗೆ ಟಿಪ್ಪು ಬರೆಸಿದ ಪತ್ರಗಳನ್ನು ಕಂಪನಿಯ ಅಧಿಕಾರಿ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿಗೆ ತಂದು ಪ್ರಕಟಿಸಿದ. ಗಂಧ, ಮೆಣಸು, ಅಕ್ಕಿಗಳ ಮಾರಾಟದಿಂದ ಹಿಡಿದು ರೇಷ್ಮೆಹುಳು, ಖರ್ಜೂರದ ಸಸಿ, ಮುತ್ತು ತೆಗೆಯುವವರನ್ನು ಕಳುಹಿಸುವವರೆಗಿನ ತಾಕೀತುಗಳು ಅವುಗಳಲ್ಲಿವೆ. ಮಸ್ಕತ್ತಿನ ದೊರೆ ಮೈಸೂರಿನ ಸರಕಿಗೆ ಸುಂಕದಲ್ಲಿ ರಿಯಾಯಿತಿ ಕೊಟ್ಟ. ಮಸ್ಕತ್ತಿನವರಿಗೆ ಮೈಸೂರಿನ ಬಂದರುಗಳಲ್ಲಿಯೂ ರಿಯಾಯಿತಿ ದೊರೆಯಿತು. ಎರಡು ಕಟ್ಟೆಗಳು ಪರಸ್ಪರ ಒಪ್ಪಿ ಬಾಗಿಲು ಸಡಿಲಿಸಿದ ಅಪರೂಪದ ಪ್ರಸಂಗ ಇದು.

ಟಿಪ್ಪುವಿನ ಆಸೆ ಅಲ್ಲಿಗೇ ನಿಲ್ಲಲಿಲ್ಲ. 1786ರಲ್ಲಿ ತುರ್ಕಿಯ ಸುಲ್ತಾನನಲ್ಲಿಗೆ ಕಳುಹಿಸಿದ ನಿಯೋಗದ ಕೈಯಲ್ಲಿ ಒಂದು ವಿಚಿತ್ರ ಬೇಡಿಕೆಯಿತ್ತು. ಬಸ್ರಾ ಬಂದರನ್ನು ಮೈಸೂರಿಗೆ ಇಜಾರಕ್ಕೆ, ಅಂದರೆ ಗುತ್ತಿಗೆಗೆ, ಕೊಡಬೇಕು. ಪ್ರತಿಯಾಗಿ ಮೈಸೂರು ತನ್ನದೊಂದು ಬಂದರನ್ನು ಬಿಟ್ಟುಕೊಡುತ್ತದೆ. ಬಸ್ರಾದ ಸುಂಕವನ್ನು ಶ್ರೀರಂಗಪಟ್ಟಣದವರು ಎತ್ತುವ ಯೋಜನೆ!

ಆದರೆ ಆ ಬಂದರು ತುರ್ಕಿಯ ಸುಲ್ತಾನನ ಕೈಯಲ್ಲೇ ಭದ್ರವಾಗಿರಲಿಲ್ಲ. ಅದರ ಕೆಳಗಿನ ನದೀಮುಖದಲ್ಲಿ ಬನೂ ಕಾಬ್ ಎಂಬ ಅರಬ್ ಬುಡಕಟ್ಟಿನವರು ಪ್ರಬಲರಾಗಿದ್ದರು. 1765ರಲ್ಲಿ ಅವರು ಇಂಗ್ಲಿಷರ ಹಡಗುಗಳನ್ನೇ ಹಿಡಿದಿದ್ದರು. 1787ರಲ್ಲಿ ಮುಂತಫಿಕ್ ಬುಡಕಟ್ಟಿನ ಶೇಖ್ ಥುವೈನಿ ಬಸ್ರಾವನ್ನೇ ಕೆಲವು ಕಾಲ ವಶಪಡಿಸಿಕೊಂಡ. ತುರ್ಕಿ ಬಸ್ರಾವನ್ನು ಕೊಡಲಿಲ್ಲ. ನಿಯೋಗದಲ್ಲಿ ಹೋದವರ ಪೈಕಿ ಬಹುಪಾಲು ಮಂದಿ ರೋಗಕ್ಕೆ ತುತ್ತಾಗಿ ಹಿಂದಿರುಗಲೇ ಇಲ್ಲ.

ಸರಕು ಇಳಿದ ದಾರಿಯಲ್ಲಿ ಸೈನ್ಯ ಏರಿತು

ಕಣ್ಣಾನೂರಿನಿಂದ ಕೊಡಗಿನ ಮೂಲಕ ಪಿರಿಯಾಪಟ್ಟಣಕ್ಕೆ ಬರುವ ದಾರಿ ವರ್ತಕರಿಗಷ್ಟೇ ತಿಳಿದದ್ದಲ್ಲ. 1791ರಲ್ಲಿ ಕಂಪನಿಯ ಮುಂಬಯಿ ಸೈನ್ಯ ಇದೇ ದಾರಿ ಹಿಡಿದು ಪಿರಿಯಾಪಟ್ಟಣದವರೆಗೆ ಬಂದಿತು. ಮರುವರ್ಷದ ಒಪ್ಪಂದದಲ್ಲಿ ಮೈಸೂರು ಮಲಬಾರನ್ನು ಕಳೆದುಕೊಂಡಿತು. ಗಂಧವನ್ನು ರಾಜಮರವೆಂದು ಟಿಪ್ಪು ಘೋಷಿಸಿದ್ದು ಅದೇ 1792ರಲ್ಲಿ. ಕೈಯಲ್ಲಿ ಉಳಿದದ್ದನ್ನು ಬಿಗಿಯಾಗಿ ಹಿಡಿದುಕೊಳ್ಳುವ ಯತ್ನ ಅದು.

ಕಂಪನಿ ಇನ್ನೊಂದು ಬಾಗಿಲನ್ನೂ ಮರೆಯಲಿಲ್ಲ. 1798ರ ಅಕ್ಟೋಬರ್ 12ರಂದು ಮಸ್ಕತ್ತಿನ ದೊರೆ ಸುಲ್ತಾನ್ ಬಿನ್ ಅಹ್ಮದ್ ಜೊತೆ ಕೌಲು ಮಾಡಿಕೊಂಡು ಫ್ರೆಂಚರಿಗೆ ಅಲ್ಲಿ ಎಡೆಯಿಲ್ಲದಂತೆ ಮಾಡಿತು. 1799ರ ಮಾರ್ಚ್ 6ರಂದು ಕೊಡಗಿನ ಗಡಿಯ ಸಿದ್ದೇಶ್ವರದಲ್ಲಿ ಟಿಪ್ಪುವಿನ ಪಡೆಗೂ ಮುಂಬಯಿ ಸೈನ್ಯಕ್ಕೂ ಕದನವಾಯಿತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಮರುವರ್ಷ ಪಿರಿಯಾಪಟ್ಟಣಕ್ಕೆ ಬಂದ ಫ್ರಾನ್ಸಿಸ್ ಬುಕಾನನ್ ಕಂಡದ್ದು ಹುಲಿಗಳ ಬೀಡಾಗಿದ್ದ ಪಾಳುಕೋಟೆಯನ್ನು.

ಟಿಪ್ಪುವಿನ ನಂತರದ ಹಂಚಿಕೆಯಲ್ಲಿ ಕೆನರಾ ಕರಾವಳಿ ಕಂಪನಿಗೆ ಸೇರಿತು. ಹೆಗ್ಗಡದೇವನಕೋಟೆಯ ಆಚೆಗಿನ ವಯನಾಡೂ ಸೇರಿತು. ಒಡೆಯರಿಗೆ ಹಿಂದಿರುಗಿದ ಮೈಸೂರಿಗೆ ಗಂಧದ ಮರ ಉಳಿಯಿತು, ಬಂದರು ಉಳಿಯಲಿಲ್ಲ.

ಆಚೆ ದಡದಲ್ಲೂ ಇದೇ ಕಥೆ ಮುಂದುವರಿಯಿತು. ಪರ್ಷಿಯನ್ ಕೊಲ್ಲಿಗೆ ಹೋಗುವ ಹಡಗುಗಳೆಲ್ಲ ಮಸ್ಕತ್ತಿಗೆ ಬಂದು ಸುಂಕ ತೆರಬೇಕೆಂಬುದು ಸುಲ್ತಾನ್ ಬಿನ್ ಅಹ್ಮದನ ಹಂಬಲ. ರಾಸ್ ಅಲ್ ಖೈಮಾದ ಕವಾಸಿಂ ಬುಡಕಟ್ಟಿನವರು ಇದಕ್ಕೆ ಮಣಿಯಲಿಲ್ಲ. 1804ರಲ್ಲಿ ಅವರೊಡನೆ ನಡೆದ ಕಡಲಕಾಳಗದಲ್ಲಿ ಅವನೇ ಹತನಾದ. ಬ್ರಿಟಿಷರು ಕವಾಸಿಮರನ್ನು ಕಡಲುಗಳ್ಳರೆಂದು ಕರೆದು 1809 ಮತ್ತು 1819ರಲ್ಲಿ ದಂಡೆತ್ತಿಹೋದರು. 1820ರ ಒಪ್ಪಂದದಿಂದ ಅವರ ಕೈ ಕಟ್ಟಿದರು. ಆ ಮನೆತನದವರೇ ಆದ ಶಾರ್ಜಾದ ದೊರೆ ಸುಲ್ತಾನ್ ಬಿನ್ ಮುಹಮ್ಮದ್ ಅಲ್ ಕಾಸಿಮಿ 1986ರಲ್ಲಿ ಪುಸ್ತಕ ಬರೆದು, ಕಡಲುಗಳ್ಳತನದ ಆರೋಪ ವ್ಯಾಪಾರವನ್ನು ಕಬಳಿಸಲು ಹೂಡಿದ ನೆಪವೆಂದು ವಾದಿಸಿದ್ದಾರೆ. ಒಬ್ಬನ ಸುಂಕ ಇನ್ನೊಬ್ಬನ ಕಣ್ಣಿಗೆ ಸುಲಿಗೆಯಾಗಿ ಕಾಣುವುದು ಇತಿಹಾಸದಲ್ಲಿ ಹೊಸದೇನಲ್ಲ.

ಬಂದರಿಲ್ಲದ ರಾಜ್ಯದ ಅಳಲು

ಇತ್ತ ಮೈಸೂರಿನೊಳಗೆ ಕಟ್ಟೆಗಳಿಗೇನೂ ಕೊರತೆಯಿರಲಿಲ್ಲ. ಮಾರ್ಕ್ ಕಬ್ಬನ್ ಕಮೀಷನರ್ ಆಗಿದ್ದ ಕಾಲದಲ್ಲಿ ರದ್ದಾದ ಚಿಲ್ಲರೆ ತೆರಿಗೆಗಳ ಸಂಖ್ಯೆಯೇ 769. ಮದುವೆಗೆ, ಮಗು ಹುಟ್ಟಿದ್ದಕ್ಕೆ, ಅದಕ್ಕೆ ಹೆಸರಿಟ್ಟದ್ದಕ್ಕೆ, ತಲೆ ಬೋಳಿಸಿದ್ದಕ್ಕೆ ಕೂಡ ತೆರಿಗೆಯಿತ್ತು. ಇವು ಹೋದದ್ದು ರೈತನಿಗೆ ದೊಡ್ಡ ಉಪಕಾರವೇ. ಆದರೆ ದೊಡ್ಡ ಕಟ್ಟೆ ರಾಜ್ಯದ ಹೊರಗೆ, ಕಡಲ ದಡದಲ್ಲಿತ್ತು. ಮೈಸೂರಿನ ಪ್ರಜೆ ಕೊಳ್ಳುವ ವಿದೇಶಿ ಬಟ್ಟೆಗೋ ಸೀಮೆಎಣ್ಣೆಗೋ ಮದರಾಸು, ಮುಂಬಯಿ ಬಂದರುಗಳಲ್ಲಿ ಹಾಕಿದ ಸುಂಕ ಬೆಲೆಯಲ್ಲಿ ಸೇರಿ ಅವನ ಜೇಬಿನಿಂದಲೇ ಹೋಗುತ್ತಿತ್ತು. ಹಣ ಮಾತ್ರ ಭಾರತ ಸರ್ಕಾರದ ಖಜಾನೆಗೆ. ಬಂದರುಗಳಿದ್ದ ತಿರುವಾಂಕೂರು, ಕೊಚ್ಚಿಗಳು 1865ರಲ್ಲೇ ಸುಂಕದ ಬಗ್ಗೆ ಒಪ್ಪಂದ ಮಾಡಿಕೊಂಡು ತಮ್ಮ ಪಾಲನ್ನು ಭದ್ರಪಡಿಸಿಕೊಂಡಿದ್ದವು. ಮೈಸೂರಿಗೆ ಆ ಅವಕಾಶವಿರಲಿಲ್ಲ. ಭಟ್ಕಳವನ್ನು ಮೈಸೂರಿನ ಬಂದರಾಗಿ ಬೆಳೆಸುವ ಆಲೋಚನೆ ನಡೆದರೂ ಅದು ಕೈಗೂಡಲಿಲ್ಲ. ದೇಶೀ ಸಂಸ್ಥಾನಗಳ ಪ್ರಶ್ನೆಯನ್ನು ಪರಿಶೀಲಿಸಲು 1927ರಲ್ಲಿ ನೇಮಕವಾದ ಬಟ್ಲರ್ ಸಮಿತಿಯ ಮುಂದೆ ಸಂಸ್ಥಾನಗಳು ಈ ದೂರನ್ನಿಟ್ಟಾಗ, ಅದರಲ್ಲಿ ಹುರುಳಿದೆಯೆಂದು ಸಮಿತಿ ಒಪ್ಪಿತು.

ಗಂಧದ ವಿಷಯದಲ್ಲಿ ಒಂದು ದಾರಿ ಆಕಸ್ಮಿಕವಾಗಿ ತೆರೆಯಿತು. ಎಣ್ಣೆ ತೆಗೆಯಲು ಮೈಸೂರಿನ ಗಂಧ ಜರ್ಮನಿಗೆ ಹೋಗುತ್ತಿತ್ತು. 1914ರ ಮಹಾಯುದ್ಧ ಆ ವ್ಯಾಪಾರವನ್ನು ತುಂಡರಿಸಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಗಂಧದೆಣ್ಣೆ ಕಾರ್ಖಾನೆಗಳು ಆರಂಭವಾದವು. ಬಂದರು ಇಲ್ಲದವರು ಸರಕಿನ ಬೆಲೆಯನ್ನಾದರೂ ಊರಲ್ಲೇ ಹೆಚ್ಚಿಸಿಕೊಳ್ಳಬಹುದೆಂದು ತೋರಿಸಿದ ಕೆಲಸ ಅದು.

1956ರ ನವೆಂಬರ್ 1ರಂದು ಮಂಗಳೂರೂ ಹೆಗ್ಗಡದೇವನಕೋಟೆಯೂ ಮತ್ತೆ ಒಂದೇ ರಾಜ್ಯಕ್ಕೆ ಸೇರಿದವು. ನಡುವೆ 157 ವರ್ಷಗಳು ಕಳೆದಿದ್ದವು. ಆ ಹೊತ್ತಿಗೆ ಬಂದರಿನ ಸುಂಕ ಸಂವಿಧಾನದ ಪ್ರಕಾರ ಕೇಂದ್ರದ ವಿಷಯವಾಗಿತ್ತು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಬಂದು ರಾಜ್ಯಗಳ ನಡುವಣ ತೆರಿಗೆಯ ಕಟ್ಟೆಗಳೂ ಕಳಚಿದವು. ಆದರೆ ಒಟ್ಟಾದ ತೆರಿಗೆಯಲ್ಲಿ ಯಾರಿಗೆ ಎಷ್ಟು ಪಾಲು ಎಂಬ ವಾದ ನಿಂತಿಲ್ಲ. ಕೃಷ್ಣರಾಜನಗರದ ಭತ್ತದ ಗದ್ದೆಯಲ್ಲೋ ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲೋ ನಿಂತ ರೈತನಿಗೆ ತನ್ನ ಬೆಳೆಯ ಬೆಲೆ ಎಲ್ಲೋ ದೂರದಲ್ಲಿ ತೀರ್ಮಾನವಾಗುತ್ತದೆಂಬ ಅನುಭವ ಹೊಸದಲ್ಲ.

ಇಷ್ಟು ದೀರ್ಘ ಕಥೆಯಲ್ಲಿ ಪೋರ್ಚುಗೀಸರು, ಕೆಳದಿಯವರು, ಇಮಾಮರು, ಸುಲ್ತಾನರು, ಕಂಪನಿ, ದಿವಾನರು ಎಲ್ಲರೂ ಬಂದುಹೋದರು. ಬಾರದವನು ಒಬ್ಬನೇ. ತನ್ನ ಹೊಲದ ಬದುವಿನಲ್ಲಿ ಗಂಧದ ಮರ ತಾನಾಗಿ ಹುಟ್ಟಿದರೆ ಅದನ್ನು ಕಾಯಬೇಕಾದವನು, ಕಡಿದರೆ ಅಪರಾಧಿಯಾಗುತ್ತಿದ್ದವನು. ಅವನು ಬೆಳೆದ ಮರಕ್ಕೆ ಅವನೇ ಒಡೆಯನೆಂದು ಕರ್ನಾಟಕದ ಅರಣ್ಯ ಕಾಯ್ದೆ ಒಪ್ಪಿದ್ದು 2001ರ ತಿದ್ದುಪಡಿಯಲ್ಲಿ. ಮಸ್ಕತ್ತಿನ ಕಟ್ಟೆಯಲ್ಲಿ ಮೈಸೂರಿನ ಸರಕಿಗೆ ರಿಯಾಯಿತಿ ಸಿಕ್ಕಿ ಎರಡು ಶತಮಾನಗಳು ಕಳೆದ ಮೇಲೆ.