ಕಂತುವಾರು ದತ್ತಾಂಶ ಸ್ಥಳಾಂತರ

ಕಂತುವಾರು ದತ್ತಾಂಶ ಸ್ಥಳಾಂತರ ಎಂದರೆ ಬಳಕೆಯಲ್ಲಿರುವ ದೊಡ್ಡ ಡೇಟಾಬೇಸಿನ ದಾಖಲೆಗಳನ್ನು, ಸೇವೆಯನ್ನು ನಿಲ್ಲಿಸದೆ, ಸಣ್ಣ ಸಣ್ಣ ಕಂತುಗಳಲ್ಲಿ ಹೊಸ ರೂಪಕ್ಕೆ ತರುವ ವಿಧಾನ. ಈ ಕೆಲಸವು ಹಿನ್ನೆಲೆಯಲ್ಲಿ ನಡೆಯುತ್ತದೆ. ತಂತ್ರಜ್ಞರ ಬಳಕೆಯಲ್ಲಿ ಇದಕ್ಕೆ ಬ್ಯಾಚ್ ಮೈಗ್ರೇಷನ್ ಎಂಬ ಹೆಸರೇ ರೂಢಿಯಲ್ಲಿದೆ. ಕಂತಿನ ಗಾತ್ರ, ಎರಡು ಕಂತುಗಳ ನಡುವಿನ ಬಿಡುವು, ಕೆಲಸ ನಡೆಸುವ ಹೊತ್ತು ಹಾಗೂ ವಿಫಲವಾದ ಕಂತಿನ ಮರುಪ್ರಯತ್ನ, ಇವುಗಳನ್ನು ಮೊದಲೇ ಗೊತ್ತುಪಡಿಸುವುದು ಇದರ ವೇಳಾಪಟ್ಟಿಯ ಕಾರ್ಯ.

ಅಗತ್ಯ

ಲಕ್ಷಾಂತರ ಸಾಲುಗಳಿರುವ ಕೋಷ್ಟಕವನ್ನು ಒಂದೇ ಆದೇಶದಿಂದ ಬದಲಾಯಿಸಬಹುದು. ಆದರೆ ಆ ಆದೇಶ ಪೂರ್ಣಗೊಳ್ಳುವವರೆಗೆ ಬದಲಾದ ಸಾಲುಗಳ ಮೇಲಿನ ಲಾಕ್ ಬಿಡುಗಡೆಯಾಗುವುದಿಲ್ಲ. ಅವುಗಳನ್ನು ತಿದ್ದಬೇಕಾದ ಇತರರು ಕಾಯಬೇಕಾಗುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಂತಹ ವ್ಯವಸ್ಥೆಯಲ್ಲಿ ಪ್ರತಿ ಸಾಲಿನ ಹಳೆಯ ಪ್ರತಿಯೂ ಸ್ವಲ್ಪ ಕಾಲ ಉಳಿಯುವುದರಿಂದ ಕೋಷ್ಟಕ ಊದಿಕೊಳ್ಳುತ್ತದೆ. ಮುಖ್ಯ ಸರ್ವರಿನ ನಕಲುಗಳು ಹಿಂದೆ ಬೀಳುತ್ತವೆ. ಕೊನೆಯ ಸಾಲಿನಲ್ಲಿ ದೋಷ ಕಂಡುಬಂದರೂ ಅಲ್ಲಿಯವರೆಗಿನ ಕೆಲಸವೆಲ್ಲ ರದ್ದಾಗಿ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಭೂದಾಖಲೆಗಳ ಉದಾಹರಣೆ

ಕರ್ನಾಟಕದಲ್ಲಿ ಈ ಸಮಸ್ಯೆಯ ಸ್ವರೂಪವನ್ನು ಭೂದಾಖಲೆಗಳಲ್ಲಿ ಸ್ಪಷ್ಟವಾಗಿ ಕಾಣಬಹುದು. 2000ದ ದಶಕದ ಆರಂಭದಲ್ಲಿ ಜಾರಿಗೆ ಬಂದ 'ಭೂಮಿ' ಯೋಜನೆಯು ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. ಮೊದಲು ತಾಲ್ಲೂಕು ಕಚೇರಿಗಳ ಸರ್ವರುಗಳಲ್ಲಿದ್ದ ದತ್ತಾಂಶವನ್ನು ಅನಂತರ ರಾಜ್ಯಮಟ್ಟದಲ್ಲಿ ಒಂದುಗೂಡಿಸಲಾಯಿತು. ಇಂದಿಗೂ ಪಹಣಿ ನೋಡಬಯಸುವವರು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನೋಕ್ ಮತ್ತು ಹಿಸ್ಸಾಗಳನ್ನು ಇದೇ ಅನುಕ್ರಮದಲ್ಲಿ ಆರಿಸಬೇಕು.

2017ರ ರಾಜ್ಯ ಆಯವ್ಯಯದಲ್ಲಿ 49 ಹೊಸ ತಾಲ್ಲೂಕುಗಳನ್ನು ಘೋಷಿಸಲಾಯಿತು. ಅವುಗಳಲ್ಲಿ ಮಸ್ಕಿ ಮತ್ತು ಸಿರವಾರ ರಾಯಚೂರು ಜಿಲ್ಲೆಯವು. ಸಿರವಾರವು ಅದುವರೆಗೆ ಮಾನ್ವಿ ತಾಲ್ಲೂಕಿನಲ್ಲಿತ್ತು. ಇಂತಹ ವಿಭಜನೆಯಲ್ಲಿ ಹೊಲದ ಬದು ಕದಲುವುದಿಲ್ಲ, ಒಡೆಯನೂ ಬದಲಾಗುವುದಿಲ್ಲ. ಆದರೆ ದಾಖಲೆಯ ವಿಳಾಸ ಬದಲಾಗುತ್ತದೆ. ತಾಲ್ಲೂಕಿನ ಸಂಕೇತವನ್ನು ಪ್ರತಿ ಸಾಲಿನಲ್ಲಿಯೂ ಬರೆದಿಟ್ಟಿರುವ ಡೇಟಾಬೇಸಿನಲ್ಲಿ ಆ ಸಾಲುಗಳನ್ನೆಲ್ಲ ತಿದ್ದಬೇಕಾಗುತ್ತದೆ. ಗ್ರಾಮಕ್ಕೆ ಸ್ಥಿರವಾದ ಸಂಕೇತ ನೀಡಿ, ತಾಲ್ಲೂಕನ್ನು ಗ್ರಾಮಗಳ ಕೋಷ್ಟಕದಲ್ಲಿ ಮಾತ್ರ ಇಟ್ಟಿದ್ದರೆ ಒಂದು ಗ್ರಾಮಕ್ಕೆ ಒಂದೇ ಸಾಲಿನ ತಿದ್ದುಪಡಿ ಸಾಕು. ಸ್ಥಳಾಂತರದ ಅಗತ್ಯವೇ ಬಾರದಂತೆ ನೋಡಿಕೊಳ್ಳುವ ಈ ವಿನ್ಯಾಸವು ಯಾವ ವೇಳಾಪಟ್ಟಿಗಿಂತಲೂ ಮೇಲು.

ಪಹಣಿಯ ಸಂಕೇತವನ್ನು ಅವಲಂಬಿಸಿರುವ ಇತರ ವ್ಯವಸ್ಥೆಗಳೂ ಇವೆ. ಉಪನೋಂದಣಿ ಕಚೇರಿಗಳ 'ಕಾವೇರಿ' ತಂತ್ರಾಂಶ ಮತ್ತು ರೈತರ ನೋಂದಣಿಯ 'ಫ್ರೂಟ್ಸ್' ಎರಡೂ 'ಭೂಮಿ'ಯೊಂದಿಗೆ ಜೋಡಣೆಗೊಂಡಿವೆ. ಸಂಕೇತ ಒಂದು ಕಡೆ ಬದಲಾಗಿ ಇನ್ನೊಂದು ಕಡೆ ಹಳೆಯದೇ ಉಳಿದರೆ ರೈತನ ಜಮೀನು ಕಡತದಲ್ಲಿದ್ದೂ ಹುಡುಕಾಟಕ್ಕೆ ಸಿಗುವುದಿಲ್ಲ. ಪಹಣಿಯನ್ನು ಆಧರಿಸಿದ ಬೆಳೆ ಸಾಲದ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಕಂತುಗಳ ವಿಂಗಡಣೆ

ಸಾಮಾನ್ಯವಾಗಿ ಕೋಷ್ಟಕದ ಪ್ರಾಥಮಿಕ ಕೀಲಿಯ ಅನುಕ್ರಮದಲ್ಲಿ ಕಂತುಗಳನ್ನು ಮಾಡಲಾಗುತ್ತದೆ. 'ಮೊದಲ ಇಷ್ಟು ಸಾಲು ಬಿಟ್ಟು ಮುಂದಿನವು' ಎಂದು ಕೇಳುವ ಕ್ರಮದಲ್ಲಿ ಬಿಟ್ಟ ಸಾಲುಗಳನ್ನೂ ಪ್ರತಿ ಬಾರಿ ಎಣಿಸಬೇಕಾಗುವುದರಿಂದ ಕೆಲಸ ಮುಂದುವರಿದಂತೆಲ್ಲ ನಿಧಾನವಾಗುತ್ತದೆ. 'ಕಳೆದ ಕಂತಿನ ಕೊನೆಯ ಕೀಲಿಗಿಂತ ದೊಡ್ಡವು' ಎಂದು ಕೇಳಿದರೆ ಈ ತೊಂದರೆಯಿಲ್ಲ.

ಭೂದಾಖಲೆಗಳಿಗೆ ಕೀಲಿಯ ಅನುಕ್ರಮವೊಂದೇ ಸಾಲದು. ಪಹಣಿಯ 9ನೇ ಕಾಲಂ ಸ್ವಾಧೀನದಾರರದು, 12ನೇ ಕಾಲಂ ಸಾಗುವಳಿ ಮತ್ತು ಬೆಳೆಯದು. ಇವು ಬೇರೆ ಬೇರೆ ಕೋಷ್ಟಕಗಳಲ್ಲಿದ್ದು, ಕಂತಿನ ಗಡಿ ನಡುವೆ ಬಿದ್ದರೆ ಒಂದೇ ಹಿಸ್ಸಾದ ಒಡೆಯ ಹೊಸ ತಾಲ್ಲೂಕಿನಲ್ಲಿಯೂ ಬೆಳೆ ಹಳೆಯ ತಾಲ್ಲೂಕಿನಲ್ಲಿಯೂ ಕಾಣಿಸಿಕೊಳ್ಳಬಹುದು. ಆದ್ದರಿಂದ ಇಲ್ಲಿ ಸರ್ವೆ ನಂಬರನ್ನು, ಸಾಧ್ಯವಾದರೆ ಇಡೀ ಗ್ರಾಮವನ್ನು, ಒಡೆಯಲಾಗದ ಘಟಕವೆಂದು ಪರಿಗಣಿಸುವುದು ಯುಕ್ತ.

ಗಾತ್ರ ಮತ್ತು ಬಿಡುವು

10 ಲಕ್ಷ ಸಾಲುಗಳಿವೆ, ಒಂದು ಕಂತಿಗೆ 1,000 ಸಾಲು, 2 ನಿಮಿಷಕ್ಕೊಂದು ಕಂತು ಎಂದು ಭಾವಿಸಿದರೆ ಒಟ್ಟು 1,000 ಕಂತುಗಳಾಗಿ 2,000 ನಿಮಿಷ, ಅಂದರೆ 33 ಗಂಟೆ 20 ನಿಮಿಷ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಮಾತ್ರ ನಡೆಸಿದರೆ ರಾತ್ರಿಗೆ 210 ಕಂತುಗಳಂತೆ 5 ರಾತ್ರಿಗಳು ಹಿಡಿಯುತ್ತವೆ.

ಗಾತ್ರವು ಸ್ಥಿರವಾಗಿರಬೇಕೆಂದಿಲ್ಲ. ಗಿಟ್‌ಲ್ಯಾಬ್ ತಂತ್ರಾಂಶದ ಇಂತಹ ವ್ಯವಸ್ಥೆಯು ಹಿಂದಿನ ಕಂತುಗಳು ತೆಗೆದುಕೊಂಡ ಸಮಯವನ್ನು ನೋಡಿ ಮುಂದಿನ ಕಂತನ್ನು ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. 32 ಬಿಟ್‌ಗಳ ಪೂರ್ಣಾಂಕ ಕೀಲಿಯು 2,147,483,647ರ ಮಿತಿಯನ್ನು ಮುಟ್ಟುವ ಮೊದಲು ಅದನ್ನು 64 ಬಿಟ್‌ಗಳಿಗೆ ಬದಲಾಯಿಸಲು ಅಲ್ಲಿ ಈ ವಿಧಾನ ಬಳಕೆಯಾಗಿದೆ. ನಕಲು ಸರ್ವರುಗಳು ಹಿಂದೆ ಬಿದ್ದಾಗ ಕೆಲಸವನ್ನು ತಾನಾಗಿ ತಡೆಯುವ ಏರ್ಪಾಡೂ ಬೇಕು. ಗಿಟ್‌ಹಬ್ 2016ರಲ್ಲಿ ಹೊರತಂದ ಮೈಎಸ್‌ಕ್ಯೂಎಲ್‌ನ ಸಾಧನ ಘೋಸ್ಟ್‌ನಲ್ಲಿ ಇದು ಇದೆ.

ಕಾಲದ ಆಯ್ಕೆ

ಹೊತ್ತಿನಷ್ಟೇ ಋತುವೂ ಮುಖ್ಯ. ತುಂಗಭದ್ರಾ ಎಡದಂಡೆ ನಾಲೆಯ ಮಾನ್ವಿಯಲ್ಲಾಗಲಿ, ನಾರಾಯಣಪುರ ಬಲದಂಡೆ ನಾಲೆಯ ದೇವದುರ್ಗದಲ್ಲಾಗಲಿ ಮುಂಗಾರಿನ ಜೂನ್–ಜುಲೈ ತಿಂಗಳುಗಳಲ್ಲಿ ಬೆಳೆ ಸಾಲ ಮತ್ತು ಬೆಳೆ ವಿಮೆಗಾಗಿ ಪಹಣಿಯ ಬೇಡಿಕೆ ಹೆಚ್ಚು. ಆ ಅವಧಿಯಲ್ಲಿ ದೊಡ್ಡ ಸ್ಥಳಾಂತರವನ್ನು ಆರಂಭಿಸದಿರುವುದೇ ಒಳಿತು. ರಾತ್ರಿಯ ಹೊತ್ತೂ ಪೂರ್ತಿ ಖಾಲಿಯಲ್ಲ. ಬ್ಯಾಕಪ್ ಮತ್ತು ವರದಿಗಳ ಕೆಲಸಗಳು ಆಗಲೇ ನಡೆಯುತ್ತವೆ.

ವೈಫಲ್ಯ ಮತ್ತು ಮರುಪ್ರಯತ್ನ

ಪ್ರತಿ ಕಂತಿನ ಆರಂಭದ ಕೀಲಿ, ಕೊನೆಯ ಕೀಲಿ, ಸ್ಥಿತಿ ಮತ್ತು ಪ್ರಯತ್ನಗಳ ಸಂಖ್ಯೆಯನ್ನು ಪ್ರತ್ಯೇಕ ಕೋಷ್ಟಕದಲ್ಲಿ ಬರೆದಿಡಲಾಗುತ್ತದೆ. ವಿದ್ಯುತ್ ಕಡಿತಗೊಂಡು ಸರ್ವರ್ ನಿಂತರೂ ನಿಂತಲ್ಲಿಂದಲೇ ಮುಂದುವರಿಯಲು ಇದರಿಂದ ಸಾಧ್ಯ. ಒಂದೇ ಕಂತು ಎರಡು ಬಾರಿ ನಡೆದರೂ ಫಲಿತಾಂಶ ಒಂದೇ ಆಗಿರಬೇಕು: 'ಸಂಕೇತವನ್ನು ಇಂತಿಷ್ಟು ಮಾಡು' ಎಂಬುದು ಸುರಕ್ಷಿತ, 'ಸಂಕೇತಕ್ಕೆ ಒಂದು ಕೂಡಿಸು' ಎಂಬುದು ಅಪಾಯಕಾರಿ. ಸಮಯ ಮೀರಿ ವಿಫಲವಾದ ಕಂತನ್ನು ಎರಡಾಗಿ ಒಡೆದು ಮತ್ತೆ ನಡೆಸುವುದು ವಾಡಿಕೆ.

ಸ್ಥಳಾಂತರದ ನಡುವೆಯೇ ಖಾತೆ ಬದಲಾವಣೆಯ ಅರ್ಜಿಗಳು ಬರುತ್ತಿರುತ್ತವೆ. 'ಭೂಮಿ'ಯಲ್ಲಿ ಇವುಗಳನ್ನು ಬಂದ ಸರದಿಯಂತೆ ವಿಲೇವಾರಿ ಮಾಡುವ ನಿಯಮವಿದೆ. ಅರ್ಜಿಯನ್ನು ಹೊಸ ಸಂಕೇತಕ್ಕೆ ವರ್ಗಾಯಿಸುವಾಗ ಅದರ ಮೂಲ ದಿನಾಂಕವನ್ನು ಉಳಿಸದಿದ್ದರೆ ಮೊದಲು ಬಂದವನು ಸರದಿಯ ಕೊನೆಗೆ ಹೋಗುತ್ತಾನೆ. ಹೊಸ ಬರಹಗಳನ್ನು ಹಳೆಯ ಮತ್ತು ಹೊಸ ಕಾಲಂಗಳೆರಡರಲ್ಲಿಯೂ ದಾಖಲಿಸುವ ವ್ಯವಸ್ಥೆಯನ್ನು ಮೊದಲ ಕಂತಿಗಿಂತ ಮುಂಚೆಯೇ ಜಾರಿಗೊಳಿಸಬೇಕು.

ಪರಿಶೀಲನೆ

ಎಲ್ಲ ಕಂತುಗಳೂ ಯಶಸ್ವಿ ಎಂದು ತೋರಿಸಿದ ಮಾತ್ರಕ್ಕೆ ಸ್ಥಳಾಂತರ ಮುಗಿದಂತಲ್ಲ. ಗ್ರಾಮವಾರು ಹಿಸ್ಸಾಗಳ ಸಂಖ್ಯೆಯನ್ನೂ ಎಕರೆ–ಗುಂಟೆಗಳ ಮೊತ್ತವನ್ನೂ ಹಿಂದಿನದರೊಂದಿಗೆ ತಾಳೆ ನೋಡಲಾಗುತ್ತದೆ. ಸಂಖ್ಯೆ ಸರಿಯಿದ್ದು ವಿಸ್ತೀರ್ಣ ತಪ್ಪಿರುವುದೂ ಉಂಟಾದ್ದರಿಂದ ಎರಡೂ ಬೇಕು. ಓದುವ ಕೆಲಸವನ್ನು ಹೊಸ ಕಾಲಂಗೆ ತಿರುಗಿಸಿ ಕೆಲವು ವಾರ ಗಮನಿಸಿದ ಬಳಿಕವೇ ಹಳೆಯ ಕಾಲಂ ಅನ್ನು ಅಳಿಸಲಾಗುತ್ತದೆ. ಅಲ್ಲಿಯವರೆಗೆ ಹಿಂದಿನ ಸ್ಥಿತಿಗೆ ಮರಳುವ ದಾರಿ ತೆರೆದಿರುತ್ತದೆ.