ಉಪ್ಪಿನ ಆಗರದಲ್ಲಿ ಹುಟ್ಟಿದ ವಿದ್ಯೆ

ಕ್ರಿಸ್ಪರ್ ಅನ್ನೋ ಹೆಸರನ್ನು ನೀವು ಪೇಪರಿನಲ್ಲೋ ಮೊಬೈಲಿನಲ್ಲೋ ನೋಡಿರ್ತೀರಿ. ಜೀವಕೋಶದ ಒಳಗಿನ ಡಿಎನ್‌ಎಯನ್ನು ಬೇಕಾದ ಜಾಗದಲ್ಲಿ ಕತ್ತರಿಸಿ ತಿದ್ದುವ ವಿದ್ಯೆ ಅದು. 2020ರಲ್ಲಿ ಅದಕ್ಕೆ ರಸಾಯನಶಾಸ್ತ್ರದ ನೊಬೆಲ್ ಬಂತು. ಬಹುಮಾನ ಪಡೆದವರ ಹೆಸರು ಎಲ್ಲರಿಗೂ ಗೊತ್ತು. ಆದರೆ ಅದರ ಬುನಾದಿ ಹಾಕಿದವರಲ್ಲಿ ಒಬ್ಬರಾದ, ಸ್ಪೇನ್ ದೇಶದ ಅಣುಜೀವಶಾಸ್ತ್ರಜ್ಞ ಫ್ರಾನ್ಸಿಸ್ಕೊ ಮೊಹಿಕಾ ಅವರ ಹೆಸರು ನಮ್ಮಲ್ಲಿ ಕೇಳಿದವರು ಕಡಿಮೆ. ನಾನು ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್. ವಿಜ್ಞಾನಿಗಳ ಭಾಷೆ ನನಗೆ ಬರಲ್ಲ, ಓದಿ ತಿಳಿದಷ್ಟನ್ನು ನಮ್ಮ ಮಾತಿನಲ್ಲೇ ಹೇಳ್ತೀನಿ.

ಸ್ಪೇನಿನ ಪೂರ್ವ ಕರಾವಳಿಯಲ್ಲಿ ಸಾಂತಾ ಪೋಲಾ ಅಂತ ಒಂದು ಊರು. ನಮ್ಮ ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಇರುವಂತೆ ಅಲ್ಲೂ ಉಪ್ಪಿನ ಆಗರಗಳಿವೆ. ಸಮುದ್ರದ ನೀರು ಬಿಸಿಲಿಗೆ ಇಂಗಿ ಉಪ್ಪು ಗಟ್ಟಿಯಾಗುವ ಆ ನೀರಿನಲ್ಲಿ ಬೇರೆ ಜೀವ ಬದುಕೋದೇ ಕಷ್ಟ. ಆದರೆ ಬ್ಯಾಕ್ಟೀರಿಯಾದ ದೂರದ ನೆಂಟನಂಥ ಒಂದು ಸೂಕ್ಷ್ಮಜೀವಿ ಅಲ್ಲಿ ಆರಾಮಾಗಿ ಇರುತ್ತೆ. 1989ರಲ್ಲಿ ಅಲಿಕಾಂತೆ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿಗೆ ಸೇರಿದ ಮೊಹಿಕಾ ಅವರಿಗೆ ಸಿಕ್ಕಿದ್ದು ಇದೇ ಜೀವಿಯ ಅಧ್ಯಯನ.

ಡಿಎನ್‌ಎ ಅಂದರೆ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಬರಹ ಅಂದ್ಕೊಳ್ಳಿ. ಅದನ್ನು ಓದುವಾಗ ಅವರಿಗೆ ಒಂದು ವಿಚಿತ್ರ ಕಾಣಿಸ್ತು. ಸುಮಾರು 30 ಅಕ್ಷರದ ಒಂದೇ ಸಾಲು, ಆಮೇಲೆ ಸುಮಾರು 36 ಬೇರೆ ಅಕ್ಷರ, ಮತ್ತೆ ಅದೇ 30, ಮತ್ತೆ ಬೇರೆ 36. ಹೀಗೆ ಸಾಲಾಗಿ ಹೋಗ್ತಿತ್ತು. ಪದೇಪದೇ ಬರುವ ಆ ಸಾಲು ಹೆಚ್ಚುಕಮ್ಮಿ ನಮ್ಮ 'ವಿಕಟಕವಿ' ಪದದ ಥರ, ಎರಡು ಕಡೆಯಿಂದಲೂ ಹೊಂದುವಂಥದ್ದು. 1993ರಲ್ಲಿ ಇದನ್ನು ಪ್ರಕಟಿಸಿದರು. ಜಪಾನಿನ ಯೋಶಿಜುಮಿ ಇಶಿನೊ ಮತ್ತು ಜೊತೆಯವರು 1987ರಲ್ಲೇ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ಇಂಥದ್ದನ್ನು ಕಂಡಿದ್ದರು. ಅದು ಯಾಕಿದೆ ಅಂತ ಆಗ ಯಾರಿಗೂ ತಿಳಿದಿರಲಿಲ್ಲ.

ಹಳೇ ಬಿಲ್ಡಿಂಗಿನ ಡಿಬಿ ಬಿಚ್ಚಿದಾಗ ಎಲ್ಲಿಗೆ ಹೋಗುತ್ತೋ ಗೊತ್ತಾಗದ ಒಂದು ವೈರ್ ಸಿಕ್ಕರೆ ನಾವು ಸುಮ್ಮನೆ ಕತ್ತರಿಸಲ್ಲ. ಯಾರೋ ಯಾವುದೋ ಕಾರಣಕ್ಕೆ ಎಳೆದಿದ್ದಾರೆ ಅಂತ ಹುಡುಕ್ತೀವಿ. ಅಂಥದ್ದೇ ವೈರ್ ಇಪ್ಪತ್ತು ಬಿಲ್ಡಿಂಗಿನಲ್ಲೂ ಸಿಕ್ಕರೆ ಅದು ಆಕಸ್ಮಿಕ ಅಲ್ಲವೇ ಅಲ್ಲ. ಮೊಹಿಕಾ ಯೋಚಿಸಿದ್ದೂ ಹಾಗೇ. ದೊಡ್ಡ ಲ್ಯಾಬ್ ಇರಲಿಲ್ಲ, ಹಣವೂ ಕಡಿಮೆ. 2000ದ ಹೊತ್ತಿಗೆ ಇಪ್ಪತ್ತು ಬೇರೆಬೇರೆ ಸೂಕ್ಷ್ಮಜೀವಿಗಳಲ್ಲಿ ಅದೇ ಮಾದರಿ ಹುಡುಕಿದ್ದರು. ಕ್ರಿಸ್ಪರ್ ಅನ್ನೋ ಹೆಸರನ್ನು ಸೂಚಿಸಿದ್ದೂ ಅವರೇ. ನೆದರ್ಲೆಂಡ್ಸಿನ ರೂಡ್ ಯಾನ್ಸೆನ್ ಒಪ್ಪಿ, 2002ರಲ್ಲಿ ತಮ್ಮ ಲೇಖನದಲ್ಲಿ ಬಳಸಿದರು.

2003ರ ಆಗಸ್ಟ್ ತಿಂಗಳು. ಮೊಹಿಕಾ ನಡುವಿನ ಆ 36 ಅಕ್ಷರಗಳ ತುಂಡುಗಳನ್ನು ಒಂದೊಂದಾಗಿ ಕಂಪ್ಯೂಟರಿಗೆ ಹಾಕಿ, ಜಗತ್ತಿನಲ್ಲಿ ಆವರೆಗೆ ಓದಿದ್ದ ಬೇರೆ ಡಿಎನ್‌ಎಗಳ ಜೊತೆ ಹೋಲಿಸುತ್ತಾ ಕೂತರು. ಇ. ಕೋಲಿಯ ಒಂದು ತುಂಡು, ಆ ಬ್ಯಾಕ್ಟೀರಿಯಾದ ಮೇಲೆ ದಾಳಿ ಮಾಡುವ ಪಿ1 ಎಂಬ ವೈರಸ್ಸಿನ ಡಿಎನ್‌ಎಗೆ ಹೊಂದಿತು. ತಮಾಷೆ ಏನಂದ್ರೆ, ಆ ತುಂಡು ಇರುವ ಬ್ಯಾಕ್ಟೀರಿಯಾಕ್ಕೆ ಪಿ1 ವೈರಸ್ ತಗುಲುತ್ತಲೇ ಇರಲಿಲ್ಲ. ಸುಮಾರು 4,500 ತುಂಡುಗಳನ್ನು ಅವರು ಜಾಲಾಡಿದರು. ಅವುಗಳಲ್ಲಿ 88ಕ್ಕೆ ಹೋಲಿಕೆ ಸಿಕ್ಕಿತು. ಅದರಲ್ಲಿ ಮೂರನೇ ಎರಡು ಪಾಲು, ವೈರಸ್ ಅಥವಾ ಅಂಥದೇ ಹೊರಗಿನಿಂದ ನುಗ್ಗುವ ಡಿಎನ್‌ಎ.

ಅರ್ಥ ಇಷ್ಟು. ನಮ್ಮ ಕ್ಯಾಂಪಿನ ಗೇಟಿನಲ್ಲಿ ವಾಚ್‌ಮನ್ ಹಿಂದೆ ಕದ್ದು ಸಿಕ್ಕಿಬಿದ್ದವರ ಫೋಟೋ ಅಂಟಿಸಿಕೊಂಡಿರ್ತಾನಲ್ಲ, ಬ್ಯಾಕ್ಟೀರಿಯಾವೂ ಹಾಗೇ ಮಾಡುತ್ತೆ. ದಾಳಿ ಮಾಡಿದ ವೈರಸ್ಸಿನ ಒಂದು ತುಂಡನ್ನು ತನ್ನ ಡಿಎನ್‌ಎಯಲ್ಲೇ ಇಟ್ಕೊಳ್ಳುತ್ತೆ. ಅದೇ ವೈರಸ್ ಮತ್ತೆ ಬಂದರೆ ಗುರುತು ಹಿಡಿದು ಕತ್ತರಿಸುತ್ತೆ. ಫೋಟೋ ಮಕ್ಕಳು ಮೊಮ್ಮಕ್ಕಳಿಗೂ ಹೋಗುತ್ತೆ. ಕಣ್ಣಿಗೆ ಕಾಣದ ಒಂದೇ ಕೋಶದ ಜೀವಿಗೂ ನೆನಪು ಇದೆ ಅಂತ ಆಯ್ತು.

ಇಷ್ಟು ದೊಡ್ಡ ವಿಷಯವನ್ನು ಬರೆದು ಕಳಿಸಿದರೆ ಹೆಸರಾಂತ ಪತ್ರಿಕೆಗಳು ಒಂದರ ಹಿಂದೆ ಒಂದು ವಾಪಸ್ ಕಳಿಸಿದವು. ಸುಮಾರು ಒಂದೂವರೆ ವರ್ಷ ಅಲೆದು, ಕೊನೆಗೆ 2005ರಲ್ಲಿ ಒಂದು ಸಣ್ಣ ಪತ್ರಿಕೆಯಲ್ಲಿ ಲೇಖನ ಬಂತು. ಫ್ರಾನ್ಸಿನ ಎರಡು ತಂಡಗಳೂ ಅದೇ ವರ್ಷ ಸ್ವಂತವಾಗಿ ಅದೇ ಹೋಲಿಕೆಯನ್ನು ಪ್ರಕಟಿಸಿದವು.

ಇದು ನಿಜ ಅಂತ ಪ್ರಯೋಗ ಮಾಡಿ ತೋರಿಸಿದ್ದು ಮೊಸರಿನ ಕಡೆಯವರು. ಡ್ಯಾನಿಸ್ಕೊ ಎಂಬ ಕಂಪನಿಯ ಫಿಲಿಪ್ ಹೊರ್ವಾಟ್, ರೊಡಾಲ್ಫ್ ಬರಾಂಗು ಮತ್ತು ಜೊತೆಯವರು ಮೊಸರು, ಚೀಸ್ ಮಾಡುವ ಬ್ಯಾಕ್ಟೀರಿಯಾಕ್ಕೆ ವೈರಸ್ ಬಿಟ್ಟು ನೋಡಿದರು. ಬದುಕಿ ಉಳಿದವುಗಳಲ್ಲಿ ಆ ವೈರಸ್ಸಿನ ಹೊಸ ತುಂಡು ಸೇರಿಕೊಂಡಿತ್ತು. ತುಂಡು ತೆಗೆದರೆ ರಕ್ಷಣೆಯೂ ಹೋಯ್ತು. ಇದು 2007ರಲ್ಲಿ ಪ್ರಕಟವಾಯ್ತು.

2012ರಲ್ಲಿ ಎಮಾನ್ಯುಯೆಲ್ ಶಾರ್ಪಾಂತಿಯೆ ಮತ್ತು ಜೆನಿಫರ್ ಡೌಡ್ನಾ ಇದನ್ನೇ ಒಂದು ಟೂಲ್ ಮಾಡಿದರು. ಕತ್ತರಿಸುವ ಪ್ರೋಟೀನಿನ ಹೆಸರು ಕ್ಯಾಸ್9. ಅದಕ್ಕೆ ದಾರಿ ತೋರಿಸುವ ಚಿಕ್ಕ ಆರ್‌ಎನ್‌ಎಯನ್ನು ನಾವೇ ಬರೆದುಕೊಟ್ಟರೆ, ಹೇಳಿದ ಜಾಗದಲ್ಲೇ ಕತ್ತರಿಸುತ್ತೆ ಅಂತ ತೋರಿಸಿದರು. ಅದೇ ವರ್ಷ ಲಿಥುವೇನಿಯಾದ ವರ್ಜೀನಿಯಸ್ ಶಿಕ್ಶ್ನಿಸ್ ಕೂಡ ಹೆಚ್ಚುಕಮ್ಮಿ ಅದನ್ನೇ ತೋರಿಸಿದ್ದರು. ಮೊದಲು ಕಳಿಸಿದ ಪತ್ರಿಕೆ ತಿರಸ್ಕರಿಸಿದ್ದರಿಂದ ಅವರ ಲೇಖನ ಬರೋದು ತಡವಾಯ್ತು. 2013ರ ಜನವರಿಯಲ್ಲಿ ಫೆಂಗ್ ಜಾಂಗ್, ಜಾರ್ಜ್ ಚರ್ಚ್ ಅವರ ತಂಡಗಳು ಮನುಷ್ಯನ ಜೀವಕೋಶದಲ್ಲೂ ಇದನ್ನು ನಡೆಸಿ ತೋರಿಸಿದವು. ನೊಬೆಲ್ ಮಾತ್ರ ಶಾರ್ಪಾಂತಿಯೆ, ಡೌಡ್ನಾ ಇಬ್ಬರಿಗೆ. ಅವರ ಯೋಗ್ಯತೆ ಬಗ್ಗೆ ಎರಡು ಮಾತಿಲ್ಲ. ಆದರೆ ಬಿಲ್ಡಿಂಗ್ ಉದ್ಘಾಟನೆಯ ಫೋಟೋದಲ್ಲಿ ಗೋಡೆಯೊಳಗಿನ ಪೈಪು ಎಳೆದವನು ಇರಲ್ಲ ಅನ್ನೋದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಈ ಕಥೆ ಕೊಲ್ಲಿ ದೇಶದಲ್ಲಿರುವ ನಮಗೆ ಯಾಕೆ ಬೇಕು ಅಂದರೆ, ಅದರ ಫಲ ಇಲ್ಲಿಗೂ ಬಂದಿದೆ. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಸೌದಿಯ ಪೂರ್ವ ಭಾಗದಲ್ಲಿ, ಬಹ್ರೈನಿನಲ್ಲಿ ಜಾಸ್ತಿ. ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗಿ, ರಕ್ತನಾಳದಲ್ಲಿ ಸಿಕ್ಕಿಕೊಂಡು, ತಡೆಯಲಾರದ ನೋವು ಕೊಡುತ್ತೆ. ನಾನು ಕೆಲಸ ಮಾಡಿದ ಸೈಟೊಂದರಲ್ಲಿ ಸ್ಟೋರ್ ನೋಡ್ಕೊಳ್ತಿದ್ದ ಇಲ್ಲಿನವರೊಬ್ಬರು ಈ ನೋವಿಗೆ ಆಗಾಗ ಆಸ್ಪತ್ರೆ ಸೇರ್ತಿದ್ದರು. ಕ್ರಿಸ್ಪರ್ ಬಳಸಿದ ಮೊದಲ ಚಿಕಿತ್ಸೆ ಕ್ಯಾಸ್ಜೆವಿಗೆ 2023ರ ನವೆಂಬರಿನಲ್ಲಿ ಬ್ರಿಟನ್ ಒಪ್ಪಿಗೆ ಕೊಟ್ಟಿತು. ಡಿಸೆಂಬರಿನಲ್ಲಿ ಬಹ್ರೈನ್ ಮತ್ತು ಅಮೆರಿಕ, 2024ರ ಜನವರಿಯಲ್ಲಿ ಸೌದಿ ಒಪ್ಪಿದವು. ರೋಗಿಯ ಮೂಲಕೋಶಗಳನ್ನು ಹೊರಗೆ ತೆಗೆದು, ತಿದ್ದಿ, ವಾಪಸ್ ಹಾಕ್ತಾರೆ. ಹುಟ್ಟುವ ಮುಂಚೆ ಮಗುವಿನಲ್ಲಿದ್ದ ಥರದ ಹಿಮೋಗ್ಲೋಬಿನ್ ಮತ್ತೆ ತಯಾರಾಗಲು ಶುರುವಾಗುತ್ತೆ.

2023ರಲ್ಲಿ ಅಮೆರಿಕದಲ್ಲಿ ಇದರ ಬೆಲೆ 22 ಲಕ್ಷ ಡಾಲರ್ ಇತ್ತು. ನಮ್ಮ ದುಡ್ಡಿನಲ್ಲಿ 18 ಕೋಟಿಗೂ ಮೇಲೆ. ಇದೇ ಕಾಯಿಲೆ ನಮ್ಮ ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಹಾಡಿಗಳಲ್ಲೂ ಇದೆ. ಸೌದಿಯ ಪೂರ್ವ ಭಾಗದಲ್ಲಿರುವ ಮತ್ತು ಭಾರತದ ಬುಡಕಟ್ಟು ಜನರಲ್ಲಿರುವ ಸಿಕಲ್ ಸೆಲ್ ಒಂದೇ ಬಗೆಯದು. ವಿಜ್ಞಾನಿಗಳು ಅದನ್ನು ಅರಬ್-ಭಾರತೀಯ ಬಗೆ ಅಂತಲೇ ಕರೀತಾರೆ. ಕಾಯಿಲೆ ಒಂದೇ ಆದರೂ ಔಷಧಿ ಕೊಳ್ಳುವ ಶಕ್ತಿ ಒಂದೇ ಅಲ್ಲ. ಸೌದಿಯಲ್ಲಿ ಮದುವೆಗೆ ಮುಂಚೆ ಗಂಡು ಹೆಣ್ಣು ಇಬ್ಬರೂ ಇದರ ರಕ್ತಪರೀಕ್ಷೆ ಮಾಡಿಸಲೇಬೇಕು. ಭಾರತ ಸರ್ಕಾರವೂ 2023ರಲ್ಲಿ ಬುಡಕಟ್ಟು ಪ್ರದೇಶಗಳಲ್ಲಿ ತಪಾಸಣೆಯ ಅಭಿಯಾನ ಶುರುಮಾಡಿದೆ. ಆ ಕಡೆಯ ಊರಿನವರು ನಮ್ಮ ನಡುವೆ ಇದ್ದರೆ, ಈ ಸಲ ರಜೆಗೆ ಹೋದಾಗ ಮನೆಯವರ ರಕ್ತಪರೀಕ್ಷೆ ಆಗಿದೆಯಾ ಅಂತ ಒಂದು ಮಾತು ಕೇಳಿ. ಉಪ್ಪಿನ ನೀರಿನಲ್ಲಿ ಶುರುವಾದ ಕೆಲಸ ಒಂದು ಹಾಡಿಯ ಮಗುವಿನ ನೋವು ತೆಗೆಯುವ ತನಕ ಮುಗಿದ ಹಾಗಲ್ಲ.